ದಕ್ಷಿಣ ಬೆಂಗಳೂರಿನಲ್ಲಿ ವಿದೇಶಿ ಪಿಎಚ್.ಡಿ. ವಿದ್ಯಾರ್ಥಿಗಳು

ದಕ್ಷಿಣ ಬೆಂಗಳೂರಿನಲ್ಲಿ ವಿದೇಶಿ ಪಿಎಚ್.ಡಿ. ವಿದ್ಯಾರ್ಥಿಗಳು ಎಂಬ ಈ ಲೇಖನವು ಜಯನಗರ, ಜೆ.ಪಿ.ನಗರ, ಬನಶಂಕರಿ, ಬಿಟಿಎಂ ಬಡಾವಣೆ ಹಾಗೂ ಅವುಗಳ ಸುತ್ತಲಿನ ಪ್ರದೇಶಗಳ ವಿಶ್ವವಿದ್ಯಾಲಯಗಳಲ್ಲಿ ಮತ್ತು ಸಂಶೋಧನಾ ಸಂಸ್ಥೆಗಳಲ್ಲಿ ಡಾಕ್ಟರೇಟ್ ಪದವಿಗಾಗಿ ಅಧ್ಯಯನ ನಡೆಸುವ ಅನ್ಯದೇಶೀಯರ ಸ್ಥಿತಿಗತಿ, ಅವರಿಗೆ ಅನ್ವಯಿಸುವ ನಿಯಮಗಳು ಮತ್ತು ಅವರಿಗೆ ದೊರೆಯುವ ಬೆಂಬಲ ವ್ಯವಸ್ಥೆಗಳನ್ನು ಕುರಿತದ್ದಾಗಿದೆ. ಪಿಎಚ್.ಡಿ. ಸಂಶೋಧನೆಯು ಕನಿಷ್ಠ 3 ವರ್ಷಗಳ ದೀರ್ಘ ಕಾರ್ಯವಾಗಿದ್ದು, ಅದರ ಯಶಸ್ಸು ವಿದ್ಯಾರ್ಥಿಯ ಸ್ವಂತ ಪ್ರತಿಭೆಯ ಜೊತೆಗೆ ಮಾರ್ಗದರ್ಶನ, ಗ್ರಂಥಾಲಯ, ಪ್ರಯೋಗಾಲಯ, ಸಹಪಾಠಿಗಳ ಒಡನಾಟ, ಆರ್ಥಿಕ ನೆರವು ಮತ್ತು ಆಡಳಿತದ ಸಹಕಾರಗಳನ್ನು ಅವಲಂಬಿಸಿದೆ. ಇವೆಲ್ಲವನ್ನೂ ಒಟ್ಟಾಗಿ ಸಂಶೋಧನಾ ಪರಿಸರ ಎಂದು ಕರೆಯಲಾಗುತ್ತದೆ. ವಿದೇಶಿ ವಿದ್ಯಾರ್ಥಿಯ ವಿಷಯದಲ್ಲಿ ಇವುಗಳಿಗೆ ವೀಸಾ, ವಾಸ್ತವ್ಯ, ಭಾಷೆ ಮತ್ತು ಸುರಕ್ಷತೆಯ ಪ್ರಶ್ನೆಗಳೂ ಸೇರಿಕೊಳ್ಳುತ್ತವೆ.

ಹಿನ್ನೆಲೆ

ಭಾರತದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಸರ್ಕಾರಿ ನೆರವು ನೀಡುವ ಪ್ರಮುಖ ಸಂಸ್ಥೆ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು. ಐಸಿಸಿಆರ್ ಎಂದೇ ಪರಿಚಿತವಾದ ಈ ಸಂಸ್ಥೆಯನ್ನು 1950ರಲ್ಲಿ ಅಂದಿನ ಶಿಕ್ಷಣ ಸಚಿವ ಮೌಲಾನಾ ಅಬುಲ್ ಕಲಾಂ ಆಜಾದ್ ಅವರು ಸ್ಥಾಪಿಸಿದರು. ಏಷ್ಯಾ ಮತ್ತು ಆಫ್ರಿಕಾದ ಹೊಸದಾಗಿ ಸ್ವತಂತ್ರಗೊಂಡ ರಾಷ್ಟ್ರಗಳ ಯುವಜನರಿಗೆ ಭಾರತದ ವಿಶ್ವವಿದ್ಯಾಲಯಗಳ ಬಾಗಿಲು ತೆರೆಯುವುದು ಅದರ ವಿದ್ಯಾರ್ಥಿವೇತನ ಯೋಜನೆಗಳ ಉದ್ದೇಶಗಳಲ್ಲಿ ಒಂದಾಗಿತ್ತು. ಪರಿಷತ್ತಿನ ಪ್ರಾದೇಶಿಕ ಕಚೇರಿಯೊಂದು ಬೆಂಗಳೂರಿನಲ್ಲಿದೆ. 2018ರಲ್ಲಿ ಕೇಂದ್ರ ಸರ್ಕಾರವು 'ಸ್ಟಡಿ ಇನ್ ಇಂಡಿಯಾ' ಎಂಬ ಕಾರ್ಯಕ್ರಮವನ್ನು ಆರಂಭಿಸಿತು.

ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ 2018-19ರ ವರದಿಯಂತೆ ದೇಶದಲ್ಲಿ 164 ರಾಷ್ಟ್ರಗಳ 47,427 ವಿದೇಶಿ ವಿದ್ಯಾರ್ಥಿಗಳು ಓದುತ್ತಿದ್ದರು. ಅವರಲ್ಲಿ 10,023 ಮಂದಿ ಕರ್ನಾಟಕದಲ್ಲಿದ್ದು, ರಾಜ್ಯವು ಆ ವರ್ಷ ಮೊದಲ ಸ್ಥಾನದಲ್ಲಿತ್ತು. 2021-22ರ ವರದಿಯಲ್ಲಿ ದೇಶದ ಒಟ್ಟು ಸಂಖ್ಯೆ 46,878 ಆಗಿದ್ದು, ಅವರು 170 ರಾಷ್ಟ್ರಗಳಿಂದ ಬಂದವರಾಗಿದ್ದರು. ನೇಪಾಳ ಮೊದಲ ಸ್ಥಾನದಲ್ಲಿಯೂ ಅಫ್ಘಾನಿಸ್ತಾನ ಎರಡನೆಯ ಸ್ಥಾನದಲ್ಲಿಯೂ ಇದ್ದವು. ಈ ವಿದ್ಯಾರ್ಥಿಗಳಲ್ಲಿ ಬಹುಪಾಲು ಜನ ಸ್ನಾತಕ ಪದವಿಗಾಗಿ ಬರುವವರು, ಪಿಎಚ್.ಡಿ.ಗೆ ಬರುವವರು ಸಣ್ಣ ಗುಂಪು. ಆದ್ದರಿಂದ ವಿದೇಶಿಯರಿಗಾಗಿ ಕಾಲೇಜುಗಳು ರೂಪಿಸುವ ವ್ಯವಸ್ಥೆಗಳು ಸಾಮಾನ್ಯವಾಗಿ ತರಗತಿ, ಹಾಜರಾತಿ ಮತ್ತು ಸೆಮಿಸ್ಟರ್ ಪರೀಕ್ಷೆಗಳನ್ನು ಕೇಂದ್ರವಾಗಿಟ್ಟುಕೊಂಡಿರುತ್ತವೆ. ಸಂಶೋಧನಾ ವಿದ್ಯಾರ್ಥಿಯ ಅಗತ್ಯಗಳು ಇವಕ್ಕಿಂತ ಭಿನ್ನವಾಗಿವೆ.

ಪ್ರಮುಖ ಸಂಸ್ಥೆಗಳು

ದಕ್ಷಿಣ ಬೆಂಗಳೂರಿನ ಉನ್ನತ ಸಂಶೋಧನಾ ಸಂಸ್ಥೆಗಳು ವಿವಿಧ ಸ್ವರೂಪದವು. ಹೊಸೂರು ರಸ್ತೆಯಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ (ನಿಮ್ಹಾನ್ಸ್) 1974ರಲ್ಲಿ ಮಾನಸಿಕ ಆಸ್ಪತ್ರೆ ಮತ್ತು ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳ ವಿಲೀನದಿಂದ ರೂಪುಗೊಂಡಿತು. 1994ರಲ್ಲಿ ಪರಿಗಣಿತ ವಿಶ್ವವಿದ್ಯಾಲಯವಾಯಿತು. 2012ರ ಕಾಯಿದೆಯ ಮೂಲಕ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯ ಸ್ಥಾನವನ್ನು ಪಡೆಯಿತು. ಚಿಕಿತ್ಸಾ ಮನೋವಿಜ್ಞಾನ, ಮನೋವೈದ್ಯಕೀಯ ಸಮಾಜಕಾರ್ಯ, ನರಶರೀರಕ್ರಿಯಾಶಾಸ್ತ್ರ ಮೊದಲಾದ ವಿಷಯಗಳಲ್ಲಿ ಇಲ್ಲಿ ಪಿಎಚ್.ಡಿ. ಸಂಶೋಧನೆ ನಡೆಯುತ್ತದೆ.

ಬನ್ನೇರುಘಟ್ಟ ರಸ್ತೆಯ ಬಿಳೇಕಹಳ್ಳಿಯಲ್ಲಿರುವ ಭಾರತೀಯ ನಿರ್ವಹಣಾ ಸಂಸ್ಥೆ, ಬೆಂಗಳೂರು (ಐಐಎಂಬಿ) 1973ರಲ್ಲಿ ಆರಂಭವಾಯಿತು. ಇದರ ಕಲ್ಲುಗೋಡೆಗಳ ಆವರಣವನ್ನು ವಾಸ್ತುಶಿಲ್ಪಿ ಬಿ.ವಿ. ದೋಶಿ ಅವರು ವಿನ್ಯಾಸಗೊಳಿಸಿದರು. ಸಂಸ್ಥೆಯು ಹಿಂದೆ 'ಫೆಲೋ' ಎಂಬ ಬಿರುದನ್ನು ನೀಡುತ್ತಿತ್ತು. 2017ರ ಭಾರತೀಯ ನಿರ್ವಹಣಾ ಸಂಸ್ಥೆಗಳ ಕಾಯಿದೆಯ ನಂತರ ಪಿಎಚ್.ಡಿ. ಪದವಿಯನ್ನೇ ನೀಡುತ್ತಿದೆ. ಈ ಬದಲಾವಣೆ ವಿದೇಶಿ ವಿದ್ಯಾರ್ಥಿಗಳಿಗೆ ಮುಖ್ಯವಾದುದು. 'ಫೆಲೋ' ಎಂಬ ಬಿರುದು ಡಾಕ್ಟರೇಟಿಗೆ ಸಮಾನವೆಂದು ಸ್ವದೇಶದಲ್ಲಿ ವಿವರಿಸಬೇಕಾದ ಸಂದರ್ಭ ಈಗ ಉಳಿದಿಲ್ಲ. ಪ್ರವೇಶಕ್ಕೆ ಜಿಮ್ಯಾಟ್ ಮತ್ತು ಜಿಆರ್‌ಇ ಅಂಕಗಳನ್ನೂ ಪರಿಗಣಿಸಲಾಗುತ್ತದೆ.

ಬಿಟಿಎಂ ಬಡಾವಣೆಗೆ ಸಮೀಪದ ಕೋರಮಂಗಲದಲ್ಲಿ ಭಾರತೀಯ ಖಭೌತ ಸಂಸ್ಥೆಯಿದೆ. 1786ರ ಮದ್ರಾಸು ವೀಕ್ಷಣಾಲಯ ಮತ್ತು 1899ರ ಕೊಡೈಕನಾಲ್ ವೀಕ್ಷಣಾಲಯಗಳ ಪರಂಪರೆಗೆ ಸೇರಿದ ಈ ಸಂಸ್ಥೆ 1971ರಲ್ಲಿ ಸ್ವಾಯತ್ತವಾಯಿತು. ಇದರ ಸ್ಥಾಪಕ ನಿರ್ದೇಶಕರು ಎಂ.ಕೆ. ವೇಣು ಬಾಪು.

ಬನಶಂಕರಿ 3ನೇ ಹಂತದ ಪಿಇಎಸ್ ವಿಶ್ವವಿದ್ಯಾಲಯ, ಜಯನಗರದಲ್ಲಿ ಆವರಣಗಳನ್ನು ಹೊಂದಿರುವ ಜೈನ್ ಪರಿಗಣಿತ ವಿಶ್ವವಿದ್ಯಾಲಯ ಮತ್ತು ಹೊಸೂರು ರಸ್ತೆಯ ಕ್ರೈಸ್ಟ್ ಪರಿಗಣಿತ ವಿಶ್ವವಿದ್ಯಾಲಯಗಳು ಖಾಸಗಿ ವಲಯಕ್ಕೆ ಸೇರಿವೆ. ಬಸವನಗುಡಿಯ ಬಿ.ಎಂ.ಎಸ್., ಬನಶಂಕರಿ 2ನೇ ಹಂತದ ಬಿ.ಎನ್.ಎಂ. ಮತ್ತು ಕುಮಾರಸ್ವಾಮಿ ಬಡಾವಣೆಯ ದಯಾನಂದ ಸಾಗರ ತಾಂತ್ರಿಕ ಕಾಲೇಜುಗಳಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಗಳಿವೆ. ಇಂತಹ ಕೇಂದ್ರಗಳಲ್ಲಿ ವಿದ್ಯಾರ್ಥಿಯು ದಿನನಿತ್ಯ ಕೆಲಸ ಮಾಡುವುದು ಬೆಂಗಳೂರಿನ ಕಾಲೇಜಿನಲ್ಲಿ. ಪದವಿ ನೀಡುವ ವಿಶ್ವವಿದ್ಯಾಲಯದ ಕೇಂದ್ರ ಕಚೇರಿ ಇರುವುದು ಬೆಳಗಾವಿಯಲ್ಲಿ. ಆನೇಕಲ್ ತಾಲೂಕಿನ ಜಿಗಣಿಯಲ್ಲಿ ಪ್ರಶಾಂತಿ ಕುಟೀರ ಎಂಬ ಆವರಣವನ್ನು ಹೊಂದಿರುವ ಸ್ವಾಮಿ ವಿವೇಕಾನಂದ ಯೋಗ ಅನುಸಂಧಾನ ಸಂಸ್ಥಾನವು 2002ರಿಂದ ಪರಿಗಣಿತ ವಿಶ್ವವಿದ್ಯಾಲಯವಾಗಿದ್ದು, ಯೋಗ ವಿಷಯದ ಅಧ್ಯಯನಕ್ಕೆ ವಿದೇಶಿಯರನ್ನು ಆಕರ್ಷಿಸಿದೆ.

ಜಯನಗರದ ಪೂರ್ವನಿದರ್ಶನ

ಜಯನಗರ 1ನೇ ಬ್ಲಾಕಿನ ಮಾಧವನ್ ಪಾರ್ಕ್ ಬಳಿ ಕಾರ್ಯನಿರ್ವಹಿಸುತ್ತಿದ್ದ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರ (ಸಿಎಸ್‌ಸಿಎಸ್) ಸಣ್ಣ ಸಂಸ್ಥೆಯೊಂದು ಸಂಶೋಧನಾ ಪರಿಸರವನ್ನು ಕಟ್ಟಿದ ಬಗೆಗೆ ಉದಾಹರಣೆಯಾಗಿದೆ. ವಿಮರ್ಶಕಿ ಹಾಗೂ ಅನುವಾದಕಿ ತೇಜಸ್ವಿನಿ ನಿರಂಜನ ಅವರು ಇದರ ಸಹಸಂಸ್ಥಾಪಕರಲ್ಲಿ ಒಬ್ಬರು. 2000ದಿಂದ 2012ರವರೆಗೆ ಇಲ್ಲಿ ಸಾಂಸ್ಕೃತಿಕ ಅಧ್ಯಯನದಲ್ಲಿ ಅಂತರಶಿಸ್ತೀಯ ಪಿಎಚ್.ಡಿ. ಕಾರ್ಯಕ್ರಮ ನಡೆಯಿತು. ಕೇಂದ್ರವು ತಾನೇ ವಿಶ್ವವಿದ್ಯಾಲಯವಾಗಿರಲಿಲ್ಲವಾದ್ದರಿಂದ ಪದವಿಯನ್ನು ಮಾನ್ಯತೆ ನೀಡಿದ ವಿಶ್ವವಿದ್ಯಾಲಯಗಳ ಮೂಲಕ ಪ್ರದಾನ ಮಾಡಲಾಗುತ್ತಿತ್ತು. ಏಷ್ಯಾದ ಇತರ ದೇಶಗಳ ಸಾಂಸ್ಕೃತಿಕ ಅಧ್ಯಯನ ಸಂಸ್ಥೆಗಳೊಡನೆ ಕೇಂದ್ರವು ಸಂಪರ್ಕ ಹೊಂದಿತ್ತು.

ಸಾಕಷ್ಟು ಪಠ್ಯಾಧ್ಯಯನ, ಸ್ವಂತ ಗ್ರಂಥಾಲಯ, ಹಲವು ಅಧ್ಯಾಪಕರೊಡನೆ ಚರ್ಚೆಗೆ ಅವಕಾಶ ಇವು ಈ ಮಾದರಿಯ ಲಕ್ಷಣಗಳು. ಇದರ ಮಿತಿಯೂ ಅಷ್ಟೇ ಸ್ಪಷ್ಟ. ಶಾಶ್ವತ ಸರ್ಕಾರಿ ಅನುದಾನವಿಲ್ಲದ ಸಂಸ್ಥೆಯಲ್ಲಿ ಬೌದ್ಧಿಕ ಪರಿಸರ ಎಷ್ಟೇ ಸಮೃದ್ಧವಾಗಿದ್ದರೂ ಅದರ ಮುಂದುವರಿಕೆ ಅನಿಶ್ಚಿತವಾಗಿರುತ್ತದೆ. ಐದಾರು ವರ್ಷಗಳ ಕಾಲ ಒಂದೇ ಸಂಸ್ಥೆಯನ್ನು ನೆಚ್ಚಿಕೊಂಡು ದೇಶ ಬಿಟ್ಟು ಬರುವ ವಿದ್ಯಾರ್ಥಿಗೆ ಸಂಸ್ಥೆಯ ಸ್ಥಿರತೆಯೂ ಪರಿಸರದ ಭಾಗವೇ ಆಗಿದೆ.

ನಿಯಮಗಳು

ಪ್ರವೇಶ

ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) 2022ರ ನವೆಂಬರಿನಲ್ಲಿ ಪಿಎಚ್.ಡಿ. ಪದವಿಯ ಹೊಸ ನಿಯಮಾವಳಿಯನ್ನು ಪ್ರಕಟಿಸಿತು. ಅದರಂತೆ ಒಬ್ಬ ಪ್ರಾಧ್ಯಾಪಕರು 8, ಸಹ ಪ್ರಾಧ್ಯಾಪಕರು 6 ಮತ್ತು ಸಹಾಯಕ ಪ್ರಾಧ್ಯಾಪಕರು 4 ಮಂದಿ ಸಂಶೋಧನಾರ್ಥಿಗಳಿಗೆ ಏಕಕಾಲದಲ್ಲಿ ಮಾರ್ಗದರ್ಶನ ನೀಡಬಹುದು. ಈ ಮಿತಿಯ ಮೇಲೆ ಇನ್ನೂ 2 ಮಂದಿ ವಿದೇಶಿ ಸಂಶೋಧನಾರ್ಥಿಗಳನ್ನು ಹೆಚ್ಚುವರಿಯಾಗಿ ತೆಗೆದುಕೊಳ್ಳಲು ಅವಕಾಶವಿದೆ. ಹೀಗಾಗಿ ವಿದೇಶಿಯರ ಪ್ರವೇಶದಿಂದ ಸ್ಥಳೀಯ ವಿದ್ಯಾರ್ಥಿಗಳ ಸ್ಥಾನಗಳು ಕಡಿಮೆಯಾಗುವುದಿಲ್ಲ. ಆದರೆ ಸ್ಥಾನ ಹೆಚ್ಚಿದಂತೆ ಮಾರ್ಗದರ್ಶಕರ ಸಮಯ ಹೆಚ್ಚುವುದಿಲ್ಲ ಎಂಬುದು ಈ ವ್ಯವಸ್ಥೆಯ ಇನ್ನೊಂದು ಮುಖ. ವಿದೇಶಿ ವಿದ್ಯಾರ್ಥಿಗಳ ಆಯ್ಕೆಯ ವಿಧಾನವನ್ನು ಸಂಬಂಧಿತ ಮಾರ್ಗಸೂಚಿಗಳಿಗೆ ಒಳಪಟ್ಟು ಆಯಾ ಸಂಸ್ಥೆಗಳೇ ನಿರ್ಧರಿಸಬಹುದು.

ಅವಧಿ

ಪಿಎಚ್.ಡಿ.ಯ ಕನಿಷ್ಠ ಅವಧಿ 3 ವರ್ಷ, ಗರಿಷ್ಠ ಅವಧಿ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷಗಳನ್ನು ಪಡೆಯಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರಿಗೆ ಮತ್ತೆ 2 ವರ್ಷಗಳ ವಿನಾಯಿತಿ ಇದ್ದು, ಒಟ್ಟು ಅವಧಿ 10 ವರ್ಷಗಳನ್ನು ಮೀರುವಂತಿಲ್ಲ. ಮಹಿಳಾ ಸಂಶೋಧನಾರ್ಥಿಗಳು ಒಟ್ಟು ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯನ್ನು ಪಡೆಯಬಹುದು.

ಪ್ರಗತಿ ಮತ್ತು ಮೌಲ್ಯಮಾಪನ

ವಿದ್ಯಾರ್ಥಿಯು ಸಂಶೋಧನೆ ಮತ್ತು ಪ್ರಕಟಣೆಯ ನೀತಿಗಳ ಪಠ್ಯವೂ ಸೇರಿದಂತೆ ಕನಿಷ್ಠ 12 ಕ್ರೆಡಿಟ್‌ಗಳ ಪಠ್ಯಾಧ್ಯಯನವನ್ನು ಪೂರ್ಣಗೊಳಿಸಬೇಕು. ಪ್ರತಿ ಸೆಮಿಸ್ಟರಿನಲ್ಲೂ ಸಂಶೋಧನಾ ಸಲಹಾ ಸಮಿತಿಯ ಮುಂದೆ ತನ್ನ ಕೆಲಸದ ಪ್ರಗತಿಯನ್ನು ಮಂಡಿಸಬೇಕು. ಮಹಾಪ್ರಬಂಧವನ್ನು ಮಾರ್ಗದರ್ಶಕರಲ್ಲದೆ ಕನಿಷ್ಠ ಇಬ್ಬರು ಬಾಹ್ಯ ಪರೀಕ್ಷಕರು ಪರಿಶೀಲಿಸುತ್ತಾರೆ. ಸಾಧ್ಯವಿದ್ದಲ್ಲಿ ಅವರಲ್ಲೊಬ್ಬರು ಭಾರತದ ಹೊರಗಿನವರಾಗಿರಬೇಕು. ಪ್ರಬಂಧ ಸಲ್ಲಿಕೆಯಿಂದ ಮೌಖಿಕ ಪರೀಕ್ಷೆಯವರೆಗಿನ ಪ್ರಕ್ರಿಯೆಯನ್ನು 6 ತಿಂಗಳೊಳಗೆ ಮುಗಿಸಬೇಕೆಂದು ನಿಯಮ ಹೇಳುತ್ತದೆ. ಹಿಂದಿನ 2016ರ ನಿಯಮಾವಳಿಯಲ್ಲಿ ಪ್ರಬಂಧ ಸಲ್ಲಿಕೆಗೆ ಮೊದಲು ಲೇಖನ ಪ್ರಕಟಣೆ ಕಡ್ಡಾಯವಾಗಿತ್ತು. 2022ರಲ್ಲಿ ಈ ಕಡ್ಡಾಯವನ್ನು ಕೈಬಿಡಲಾಯಿತು.

ವೀಸಾ ಮತ್ತು ನೋಂದಣಿ

ವಿದೇಶಿ ಸಂಶೋಧನಾರ್ಥಿಯು ಪ್ರವೇಶದ ಸ್ವರೂಪಕ್ಕೆ ಅನುಗುಣವಾಗಿ ವಿದ್ಯಾರ್ಥಿ ವೀಸಾ ಅಥವಾ ಸಂಶೋಧನಾ ವೀಸಾ ಪಡೆದು ಬರಬೇಕು. 180 ದಿನಗಳಿಗಿಂತ ಹೆಚ್ಚಿನ ಅವಧಿಯ ಇಂತಹ ವೀಸಾ ಉಳ್ಳವರು ಭಾರತಕ್ಕೆ ಬಂದ 14 ದಿನಗಳೊಳಗೆ ನೋಂದಣಿ ಮಾಡಿಸಿಕೊಳ್ಳಬೇಕು. ಬೆಂಗಳೂರಿನ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಯು (ಎಫ್‌ಆರ್‌ಆರ್‌ಒ) ಶಾಂತಿನಗರದ ಬಿಎಂಟಿಸಿ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. 2018ರಿಂದ ಅರ್ಜಿ, ದಾಖಲೆ ಮತ್ತು ಶುಲ್ಕಗಳ ಸಲ್ಲಿಕೆ 'ಇ-ಎಫ್‌ಆರ್‌ಆರ್‌ಒ' ಜಾಲತಾಣದ ಮೂಲಕ ನಡೆಯುತ್ತಿದೆ. ಹೀಗಾಗಿ ಕಚೇರಿಗೆ ಖುದ್ದಾಗಿ ಹೋಗಬೇಕಾದ ಸಂದರ್ಭಗಳು ಕಡಿಮೆಯಾಗಿವೆ. ವಿದೇಶಿಯರಿಗೆ ವಸತಿ ನೀಡಿದವರು 24 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ಮಾಹಿತಿ ಸಲ್ಲಿಸಬೇಕು. ವಿದ್ಯಾಸಂಸ್ಥೆಗಳೂ ತಮ್ಮ ವಿದೇಶಿ ವಿದ್ಯಾರ್ಥಿಗಳ ಕುರಿತು ಮಾಹಿತಿ ನೀಡಬೇಕು. 1946ರ ವಿದೇಶಿಯರ ಕಾಯಿದೆ ಮತ್ತು ಸಂಬಂಧಿತ ಹಳೆಯ ಕಾಯಿದೆಗಳ ಸ್ಥಾನದಲ್ಲಿ 2025ರ ವಲಸೆ ಮತ್ತು ವಿದೇಶಿಯರ ಕಾಯಿದೆಯು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ.

ವಿದ್ಯಾರ್ಥಿ ವೀಸಾವನ್ನು ಸಾಮಾನ್ಯವಾಗಿ ಕೋರ್ಸಿನ ಅವಧಿಗೆ ಅಥವಾ 5 ವರ್ಷಗಳಿಗೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ, ನೀಡಲಾಗುತ್ತದೆ. ಪಿಎಚ್.ಡಿ. ನಿಯಮದ ಗರಿಷ್ಠ ಅವಧಿ 6 ವರ್ಷವಾಗಿರುವುದರಿಂದ ಎರಡು ಗಡಿಯಾರಗಳ ನಡುವೆ ಅಂತರ ಉಂಟಾಗುತ್ತದೆ. ವೀಸಾ ವಿಸ್ತರಣೆಗೆ ಸಂಸ್ಥೆಯ ದೃಢೀಕರಣ ಪತ್ರ ಅಗತ್ಯ. ಸಲಹಾ ಸಮಿತಿಯ ಸಭೆ ಮುಂದೂಡಿದರೆ ಪ್ರಗತಿ ವರದಿ ಸಿದ್ಧವಾಗುವುದಿಲ್ಲ. ವರದಿಯಿಲ್ಲದೆ ದೃಢೀಕರಣ ಪತ್ರ ತಡವಾಗುತ್ತದೆ. ಪತ್ರ ತಡವಾದರೆ ವೀಸಾ ಅವಧಿ ಮುಗಿಯುವ ದಿನ ಹತ್ತಿರವಾಗುತ್ತದೆ. ಸ್ಥಳೀಯ ವಿದ್ಯಾರ್ಥಿಗೆ ಕೇವಲ ಬೇಸರದ ಸಂಗತಿಯಾಗಿರುವ ಕಚೇರಿಯ ವಿಳಂಬವು ವಿದೇಶಿ ವಿದ್ಯಾರ್ಥಿಗೆ ದೇಶದಲ್ಲಿ ಉಳಿಯುವ ಹಕ್ಕಿನ ಪ್ರಶ್ನೆಯಾಗುತ್ತದೆ. ಪ್ರಬಂಧ ಸಲ್ಲಿಸಿದ ಮೇಲೆ ಮೌಖಿಕ ಪರೀಕ್ಷೆಗಾಗಿ ಕಾಯುವ ತಿಂಗಳುಗಳಲ್ಲಿಯೂ ಇದೇ ಸಮಸ್ಯೆ ಎದುರಾಗುತ್ತದೆ.

ಮಾರ್ಗದರ್ಶನ

ಸಂಶೋಧನಾ ಪರಿಸರದ ಕೇಂದ್ರದಲ್ಲಿ ಮಾರ್ಗದರ್ಶಕ ಮತ್ತು ವಿದ್ಯಾರ್ಥಿಯ ಸಂಬಂಧವಿದೆ. ಯುರೋಪಿನ ವಿಶ್ವವಿದ್ಯಾಲಯಗಳ ಸಮಾವೇಶದಲ್ಲಿ 2005ರಲ್ಲಿ ರೂಪಿಸಲಾದ ಸಾಲ್ಜ್‌ಬರ್ಗ್ ಸೂತ್ರಗಳು ಮಾರ್ಗದರ್ಶನದ ಹೊಣೆ ಮತ್ತು ಮೌಲ್ಯಮಾಪನದ ಕ್ರಮಗಳು ಸ್ಪಷ್ಟ ಒಪ್ಪಂದದ ಆಧಾರದಲ್ಲಿ ಇರಬೇಕೆಂದು ಹೇಳಿದವು. ಭಾರತದಲ್ಲಿ ಪ್ರತಿ ಸೆಮಿಸ್ಟರಿನ ಸಲಹಾ ಸಮಿತಿಯ ಸಭೆಯು ಈ ಉದ್ದೇಶವನ್ನು ಭಾಗಶಃ ಪೂರೈಸುತ್ತದೆ.

ಗುರುವನ್ನು ಪ್ರಶ್ನಿಸುವ, ಭಿನ್ನಾಭಿಪ್ರಾಯ ಹೇಳುವ ಹಾಗೂ ಸಮಯ ಕೇಳುವ ಪದ್ಧತಿಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಮಾರ್ಗದರ್ಶಕರೇ ಕರೆಯುವರೆಂದು ವಿದ್ಯಾರ್ಥಿಯೂ, ಅಗತ್ಯವಿದ್ದರೆ ವಿದ್ಯಾರ್ಥಿಯೇ ಬರುವನೆಂದು ಮಾರ್ಗದರ್ಶಕರೂ ಕಾಯುತ್ತ ತಿಂಗಳುಗಳು ಕಳೆಯಬಹುದು. ಭೇಟಿಯ ದಿನ, ಬರಹವನ್ನು ಓದಿ ಹಿಂತಿರುಗಿಸುವ ಗಡುವು, ಲೇಖನಗಳಲ್ಲಿ ಹೆಸರುಗಳ ಕ್ರಮ ಇವುಗಳನ್ನು ಆರಂಭದಲ್ಲಿಯೇ ಬರಹದಲ್ಲಿ ಗೊತ್ತುಪಡಿಸಿಕೊಳ್ಳುವುದು ಇದಕ್ಕೆ ಸರಳ ಪರಿಹಾರ. ಮಾರ್ಗದರ್ಶಕರು ನಿವೃತ್ತರಾಗುವ ಅಥವಾ ಬೇರೆ ಸಂಸ್ಥೆಗೆ ಹೋಗುವ ಸಂದರ್ಭದಲ್ಲಿ ಸಹ ಮಾರ್ಗದರ್ಶಕರ ನೇಮಕ ರಕ್ಷಣೆ ಒದಗಿಸುತ್ತದೆ. ನಿವೃತ್ತಿಗೆ 3 ವರ್ಷಗಳಿಗಿಂತ ಕಡಿಮೆ ಅವಧಿ ಇರುವ ಅಧ್ಯಾಪಕರು ಹೊಸ ಸಂಶೋಧನಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ ಎಂದು 2022ರ ನಿಯಮಾವಳಿ ವಿಧಿಸಿದೆ.

ಕುಂದುಕೊರತೆಗಳಿಗಾಗಿ 2023ರ ಯುಜಿಸಿ ನಿಯಮಾವಳಿಯಂತೆ ಪ್ರತಿಯೊಂದು ಸಂಸ್ಥೆಯಲ್ಲಿಯೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಅದರ ತೀರ್ಮಾನದ ವಿರುದ್ಧ ಮೇಲ್ಮನವಿಯನ್ನು ಒಂಬುಡ್ಸ್‌ಪರ್ಸನ್ ಆಲಿಸುತ್ತಾರೆ. ಆದರೆ ವೀಸಾ ಪತ್ರಕ್ಕೂ ಪ್ರಗತಿ ವರದಿಗೂ ಒಬ್ಬ ಮಾರ್ಗದರ್ಶಕರ ಸಹಿಯನ್ನೇ ನೆಚ್ಚಿಕೊಂಡಿರುವ ವಿದ್ಯಾರ್ಥಿಯು ಅವರ ವಿರುದ್ಧ ದೂರು ಸಲ್ಲಿಸಲು ಹಿಂಜರಿಯುವುದು ಸಹಜ. ದೃಢೀಕರಣ ಪತ್ರವನ್ನು ವಿಭಾಗದ ಬದಲು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯೇ ನೀಡುವ ವ್ಯವಸ್ಥೆ ಇರುವಲ್ಲಿ ಈ ಅವಲಂಬನೆ ಕಡಿಮೆಯಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ವಿದೇಶಿ ವಿದ್ಯಾರ್ಥಿಗಳಿರುವ ಪ್ರತಿಯೊಂದು ಸಂಸ್ಥೆಯಲ್ಲಿಯೂ ಇಂತಹ ಕಚೇರಿ ಇರಬೇಕೆಂದು ಶಿಫಾರಸು ಮಾಡಿದೆ. 2021ರಲ್ಲಿ ಯುಜಿಸಿಯು ಉನ್ನತ ಶಿಕ್ಷಣದ ಅಂತರರಾಷ್ಟ್ರೀಕರಣದ ಬಗ್ಗೆ ಮಾರ್ಗಸೂಚಿಗಳನ್ನು ಹೊರಡಿಸಿತು.

ಕ್ಷೇತ್ರಕಾರ್ಯ ಮತ್ತು ಸಂಶೋಧನಾ ಅನುಮತಿಗಳು

ಕೆಲವು ವಿಷಯಗಳಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ಸಹಪಾಠಿಗಳಿಗಿಂತ ಹೆಚ್ಚಿನ ಅನುಮತಿಗಳು ಬೇಕಾಗುತ್ತವೆ. 2002ರ ಜೈವಿಕ ವೈವಿಧ್ಯ ಕಾಯಿದೆಯ 3ನೇ ಪ್ರಕರಣದಂತೆ ಭಾರತದ ಪ್ರಜೆಯಲ್ಲದವರು ಸಂಶೋಧನೆಗಾಗಿ ದೇಶದ ಜೈವಿಕ ಸಂಪನ್ಮೂಲಗಳನ್ನು ಪಡೆಯಲು ಚೆನ್ನೈನಲ್ಲಿರುವ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಪೂರ್ವಾನುಮತಿ ಪಡೆಯಬೇಕು. ಒಂದೇ ಪ್ರಯೋಗಾಲಯದಲ್ಲಿ ಅಕ್ಕಪಕ್ಕ ಕುಳಿತು ಒಂದೇ ಸಸ್ಯದ ಮೇಲೆ ಕೆಲಸ ಮಾಡುವ ಇಬ್ಬರು ವಿದ್ಯಾರ್ಥಿಗಳಲ್ಲಿ ಒಬ್ಬರಿಗೆ ಈ ಅನುಮತಿ ಬೇಕಾಗಿ, ಇನ್ನೊಬ್ಬರಿಗೆ ಬೇಡವಾಗಿರಬಹುದು. ಬನ್ನೇರುಘಟ್ಟದಂತಹ ಸಂರಕ್ಷಿತ ಅರಣ್ಯಗಳಲ್ಲಿ ಕೆಲಸ ಮಾಡಲು ಅರಣ್ಯ ಇಲಾಖೆಯ ಅನುಮತಿಯೂ, ರೋಗಿಗಳನ್ನು ಅಥವಾ ಸಮುದಾಯಗಳನ್ನು ಒಳಗೊಂಡ ಅಧ್ಯಯನಕ್ಕೆ ಸಂಸ್ಥೆಯ ನೀತಿಸಮಿತಿಯ ಒಪ್ಪಿಗೆಯೂ ಅಗತ್ಯ. ವಿಷಯವನ್ನು ಆಯ್ಕೆಮಾಡುವ ಹಂತದಲ್ಲಿಯೇ ಇವನ್ನು ಪರಿಶೀಲಿಸದಿದ್ದರೆ ಎರಡನೆಯ ಅಥವಾ ಮೂರನೆಯ ವರ್ಷದಲ್ಲಿ ಯೋಜನೆಯನ್ನೇ ಬದಲಿಸಬೇಕಾದೀತು.

ತಂತ್ರಜ್ಞಾನವು ಕೆಲವೊಮ್ಮೆ ಇಂತಹ ತೊಡಕುಗಳನ್ನು ಬಿಡಿಸುತ್ತದೆ. ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವು ಲಡಾಖಿನ ಹಾನ್ಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿದೆ. ಗಡಿಗೆ ಸಮೀಪದ ಈ ಪ್ರದೇಶಕ್ಕೆ ವಿದೇಶಿಯರ ಪ್ರಯಾಣದ ಮೇಲೆ ನಿರ್ಬಂಧಗಳಿವೆ. ಆದರೆ ದೂರದರ್ಶಕವನ್ನು ಬೆಂಗಳೂರಿನ ಹೊರವಲಯದ ಹೊಸಕೋಟೆಯಲ್ಲಿರುವ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. ಆದ್ದರಿಂದ ಹಾನ್ಲೆಗೆ ಹೋಗದೆಯೂ ಅಲ್ಲಿನ ಆಕಾಶವನ್ನು ವೀಕ್ಷಿಸಬಹುದು.

ಗ್ರಂಥಾಲಯ ಮತ್ತು ನಿಯತಕಾಲಿಕಗಳು

2025ರ ಜನವರಿಯಲ್ಲಿ ಆರಂಭವಾದ 'ಒಂದು ರಾಷ್ಟ್ರ ಒಂದು ಚಂದಾ' ಯೋಜನೆಯು ಸುಮಾರು 13,000 ಅಂತರರಾಷ್ಟ್ರೀಯ ನಿಯತಕಾಲಿಕಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಹಾಗೂ ಸಂಶೋಧನಾ ಸಂಸ್ಥೆಗಳಿಗೆ ಒದಗಿಸುತ್ತದೆ. ಮೂರು ವರ್ಷಗಳಿಗೆ ಇದಕ್ಕಾಗಿ ₹6,000 ಕೋಟಿ ಮಂಜೂರಾಗಿದೆ. ಯೋಜನೆಯು ಸರ್ಕಾರಿ ಸಂಸ್ಥೆಗಳನ್ನು ಉದ್ದೇಶಿಸಿದ್ದರಿಂದ ಖಾಸಗಿ ವಿಶ್ವವಿದ್ಯಾಲಯಗಳು ತಮ್ಮದೇ ವೆಚ್ಚದಲ್ಲಿ ಚಂದಾ ಪಡೆಯಬೇಕಾಗಿದೆ. ದಕ್ಷಿಣ ಬೆಂಗಳೂರಿನಲ್ಲಿ ಖಾಸಗಿ ಸಂಸ್ಥೆಗಳೇ ಹೆಚ್ಚಾಗಿರುವುದರಿಂದ ಈ ಭೇದ ಗಮನಾರ್ಹವಾಗಿದೆ. ಅಂಗೀಕೃತ ಮಹಾಪ್ರಬಂಧಗಳು 'ಶೋಧಗಂಗಾ' ಭಂಡಾರದಲ್ಲಿ ಉಚಿತವಾಗಿ ದೊರೆಯುತ್ತವೆ. ಹಿಂದಿನವರ ಕೃತಿಗಳನ್ನು ನೋಡಿ ಪ್ರಬಂಧದ ಸ್ವರೂಪವನ್ನು ತಿಳಿದುಕೊಳ್ಳಲು ಹೊಸಬರಿಗೆ ಇದು ಉಪಯುಕ್ತ.

ಮಾನವಿಕ ವಿಷಯಗಳ ಸಂಶೋಧಕರಿಗೆ ಸಮೀಪದಲ್ಲಿಯೇ ಸಾರ್ವಜನಿಕ ಸಂಸ್ಥೆಗಳಿವೆ. ಬಸವನಗುಡಿಯಲ್ಲಿ ಬಿ.ಪಿ. ವಾಡಿಯಾ ಅವರು 1945ರಲ್ಲಿ ಸ್ಥಾಪಿಸಿದ ಭಾರತೀಯ ವಿಶ್ವ ಸಂಸ್ಕೃತಿ ಸಂಸ್ಥೆ, ಡಿ.ವಿ. ಗುಂಡಪ್ಪನವರು ಅದೇ ವರ್ಷ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಹಾಗೂ 1915ರಲ್ಲಿ ಸ್ಥಾಪನೆಗೊಂಡ ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು ಇವುಗಳಲ್ಲಿ ಮುಖ್ಯವಾದವು.

ಭಾಷೆ

ಬೋಧನೆ ಮತ್ತು ಪ್ರಬಂಧ ಬರವಣಿಗೆ ಬಹುತೇಕ ಇಂಗ್ಲಿಷಿನಲ್ಲಿ ನಡೆಯುತ್ತದೆ. ಪಾರಸಿ, ಅರಬ್ಬಿ ಅಥವಾ ಫ್ರೆಂಚ್ ಮಾಧ್ಯಮದಲ್ಲಿ ಓದಿ ಬಂದವರಿಗೆ ಶೈಕ್ಷಣಿಕ ಇಂಗ್ಲಿಷ್ ಬರವಣಿಗೆಯಲ್ಲಿ ತರಬೇತಿ ಬೇಕಾಗುತ್ತದೆ. ಇದು ಶೈಲಿಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯಲ್ಲ. ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ಮಾಡಿದ ನಿಯಮಗಳಂತೆ ಪ್ರಬಂಧದಲ್ಲಿ ಶೇ. 10ಕ್ಕಿಂತ ಹೆಚ್ಚು ಸಾಮ್ಯ ಕಂಡುಬಂದರೆ ಪರಿಷ್ಕರಿಸಿ ಮರುಸಲ್ಲಿಸಬೇಕು. ಶೇ. 40ನ್ನು ಮೀರಿದರೆ ಒಂದು ವರ್ಷ ಸಲ್ಲಿಕೆಗೆ ನಿರ್ಬಂಧವಿರುತ್ತದೆ, ಶೇ. 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಕರಗಳ ವಾಕ್ಯಗಳನ್ನು ತನ್ನ ಮಾತಿನಲ್ಲಿ ಹೇಳುವ ಅಭ್ಯಾಸವಿಲ್ಲದ ವಿದ್ಯಾರ್ಥಿಯು ವಂಚನೆಯ ಉದ್ದೇಶವಿಲ್ಲದಿದ್ದರೂ ಈ ನಿಯಮಕ್ಕೆ ಸಿಲುಕಬಹುದು. ಒಂದು ವರ್ಷದ ನಿರ್ಬಂಧವೆಂದರೆ ಅವರಿಗೆ ಮತ್ತೊಂದು ವೀಸಾ ವಿಸ್ತರಣೆ ಎಂದೇ ಅರ್ಥ.

ಕನ್ನಡದ ಅಗತ್ಯ ಬೇರೆ ಬಗೆಯದು. ಆಸ್ಪತ್ರೆ, ಶಾಲೆ, ಗ್ರಾಮ ಅಥವಾ ಮಾರುಕಟ್ಟೆಯಲ್ಲಿ ಮಾಹಿತಿ ಸಂಗ್ರಹಿಸುವವರಿಗೆ ಅದು ಸಂಶೋಧನೆಯ ಸಾಧನ. ಭಾಷಾಂತರಕಾರರ ಮೂಲಕ ನಡೆಸಿದ ಸಂದರ್ಶನದಲ್ಲಿ ಮಾತಿನ ಧ್ವನಿ ಮತ್ತು ಹಿಂಜರಿಕೆಗಳು ಕಳೆದುಹೋಗುತ್ತವೆ. ಉಳಿದವರಿಗೂ ಆಟೋ, ಅಂಗಡಿ, ಮನೆಮಾಲೀಕರೊಡನೆ ವ್ಯವಹರಿಸಲು ಕೆಲವೇ ಕನ್ನಡ ವಾಕ್ಯಗಳು ದೊಡ್ಡ ನೆರವಾಗುತ್ತವೆ. ಕನ್ನಡೇತರರಿಗೆ ಕನ್ನಡ ಕಲಿಸುವ ಕಾರ್ಯದಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವು ತೊಡಗಿದೆ.

ಆರ್ಥಿಕ ಸ್ಥಿತಿ

ಕಿರಿಯ ಸಂಶೋಧನಾ ಶಿಷ್ಯವೇತನವು 2023ರ ಜನವರಿಯಿಂದ ತಿಂಗಳಿಗೆ ₹37,000 ಆಗಿದೆ. ಯುಜಿಸಿ-ಎನ್‌ಇಟಿ ಮೂಲಕ ನೀಡುವ ಈ ಶಿಷ್ಯವೇತನ ಭಾರತೀಯ ಪ್ರಜೆಗಳಿಗೆ ಮಾತ್ರ ಮೀಸಲು. ವಿದೇಶಿಯರು ಐಸಿಸಿಆರ್ ವಿದ್ಯಾರ್ಥಿವೇತನ, ಸ್ವದೇಶದ ಸರ್ಕಾರದ ನೆರವು, ಸಂಸ್ಥೆಯ ಸ್ವಂತ ಶಿಷ್ಯವೇತನ ಅಥವಾ ಕುಟುಂಬದ ಹಣವನ್ನು ಅವಲಂಬಿಸುತ್ತಾರೆ. ವಿದ್ಯಾರ್ಥಿ ವೀಸಾದ ಮೇಲೆ ಹೊರಗೆ ಸಾಮಾನ್ಯ ಉದ್ಯೋಗ ಮಾಡುವಂತಿಲ್ಲ. ಆದ್ದರಿಂದ ಸ್ವದೇಶದ ನಾಣ್ಯದ ಬೆಲೆ ಕುಸಿದಾಗ ಅಥವಾ ಹಣ ವರ್ಗಾವಣೆ ನಿಂತಾಗ ಪರ್ಯಾಯ ಮಾರ್ಗಗಳು ಬಹಳ ಕಡಿಮೆ.

2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾದಾಗ ಈ ಅನಿಶ್ಚಿತತೆ ಸ್ಪಷ್ಟವಾಗಿ ಕಂಡಿತು. ಕೋವಿಡ್ ಕಾಲದಲ್ಲಿ ಊರಿಗೆ ಹೋಗಿದ್ದ ಅಫ್ಘನ್ ವಿದ್ಯಾರ್ಥಿಗಳಲ್ಲಿ ಅನೇಕರು ಹಿಂತಿರುಗಲಾಗಲಿಲ್ಲ. ದೇಶದ ಹೊರಗಿದ್ದ ಅಫ್ಘನ್ನರ ಹಿಂದಿನ ವೀಸಾಗಳನ್ನು ಭಾರತವು ಆ ತಿಂಗಳ ಕೊನೆಯ ವಾರದಲ್ಲಿ ಅಮಾನ್ಯಗೊಳಿಸಿತು. ಭಾರತದಲ್ಲಿ ಉಳಿದಿದ್ದವರಿಗೆ ಪದವಿ ಮುಗಿದರೆ ಎಲ್ಲಿಗೆ ಹೋಗುವುದು ಎಂಬ ಪ್ರಶ್ನೆ ಎದುರಾಯಿತು. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಆರಂಭವಾದ ಯುದ್ಧವು ಅಲ್ಲಿನ ವಿದ್ಯಾರ್ಥಿಗಳನ್ನು ಇಂಥದೇ ಸ್ಥಿತಿಗೆ ತಂದಿತು.

ವಸತಿ ಮತ್ತು ಸಂಚಾರ

ಹಾಸ್ಟೆಲ್ ದೊರೆಯದವರು ಬಾಡಿಗೆ ಮನೆ ಅಥವಾ ಪಿ.ಜಿ.ಗಳಲ್ಲಿ ಇರುತ್ತಾರೆ. ಬಿಟಿಎಂ ಬಡಾವಣೆ ಪಿ.ಜಿ.ಗಳಿಗೆ ಹೆಸರಾಗಿದೆ. ಕುಟುಂಬದೊಡನೆ ಬರುವವರಿಗೆ ಹಲವು ತಿಂಗಳ ಬಾಡಿಗೆಯಷ್ಟು ಮುಂಗಡ ಕೇಳುವ ಬೆಂಗಳೂರಿನ ಪದ್ಧತಿ ಹೊರೆಯಾಗುತ್ತದೆ. ವಸತಿ ಮಾಹಿತಿಯ ನಮೂನೆ ಸಲ್ಲಿಸುವ ಹೊಣೆಯ ಕಾರಣದಿಂದ ಕೆಲವು ಮಾಲೀಕರು ವಿದೇಶಿಯರಿಗೆ ಮನೆ ಕೊಡಲು ಹಿಂಜರಿಯುತ್ತಾರೆ. ನಮೂನೆಯನ್ನು ಅಂತರಜಾಲದಲ್ಲಿಯೇ ಭರ್ತಿ ಮಾಡಬಹುದಾಗಿದ್ದು, ಸಂಸ್ಥೆಯ ಸಿಬ್ಬಂದಿ ಮಾಲೀಕರಿಗೆ ಇದನ್ನು ವಿವರಿಸಿದರೆ ತೊಡಕು ಸುಲಭವಾಗಿ ನಿವಾರಣೆಯಾಗುತ್ತದೆ.

ನಮ್ಮ ಮೆಟ್ರೋದ ಹಸಿರು ಮಾರ್ಗವು 2017ರ ಜೂನ್‌ನಲ್ಲಿ ಜಯನಗರ, ಬನಶಂಕರಿ ಮತ್ತು ಜೆ.ಪಿ.ನಗರಗಳನ್ನು ತಲುಪಿತು. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಜಯದೇವ ಆಸ್ಪತ್ರೆ, ಬಿಟಿಎಂ ಬಡಾವಣೆ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಮೂಲಕ ಬೊಮ್ಮಸಂದ್ರಕ್ಕೆ ಹೋಗುತ್ತದೆ.

ಸುರಕ್ಷತೆ

2016ರ ಜನವರಿ 31ರಂದು ನಗರದ ಉತ್ತರ ಭಾಗದ ಹೆಸರಘಟ್ಟ ರಸ್ತೆಯ ಪ್ರದೇಶದಲ್ಲಿ ಸುಡಾನ್ ಪ್ರಜೆಯೊಬ್ಬರ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಮೃತಪಟ್ಟರು. ಬಳಿಕ ಆ ಮಾರ್ಗವಾಗಿ ಬಂದ, ಅಪಘಾತಕ್ಕೆ ಸಂಬಂಧವೇ ಇಲ್ಲದ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ನಡೆಸಿತು. ಹಲವರನ್ನು ಬಂಧಿಸಲಾಯಿತು, ಕೆಲವು ಪೊಲೀಸರನ್ನು ಅಮಾನತುಗೊಳಿಸಲಾಯಿತು. ಅಂದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಘಟನೆಯ ಬಗ್ಗೆ ತೀವ್ರ ನೋವು ವ್ಯಕ್ತಪಡಿಸಿದರು. ಆಫ್ರಿಕಾದ ವಿದ್ಯಾರ್ಥಿಗಳು ನಗರದಲ್ಲಿ ಎದುರಿಸುವ ವರ್ಣಭೇದದ ಪ್ರಶ್ನೆಯನ್ನು ಈ ಘಟನೆ ಸಾರ್ವಜನಿಕ ಚರ್ಚೆಗೆ ತಂದಿತು. ರಾತ್ರಿ ತಡವಾಗಿ ಪ್ರಯೋಗಾಲಯದಿಂದ ಮನೆಗೆ ಹೋಗಬೇಕಾದ ಸಂಶೋಧನಾರ್ಥಿಗೆ ಆವರಣದ ಹೊರಗಿನ ಬೀದಿಯೂ ಸಂಶೋಧನಾ ಪರಿಸರದ ಭಾಗವೆಂಬುದನ್ನು ಇದು ತೋರಿಸುತ್ತದೆ.

ಮಾನಸಿಕ ಆರೋಗ್ಯ

ಡಾಕ್ಟರೇಟ್ ವಿದ್ಯಾರ್ಥಿಗಳ ಮಾನಸಿಕ ಒತ್ತಡ ಜಗತ್ತಿನಾದ್ಯಂತ ಗುರುತಿಸಲಾದ ಸಮಸ್ಯೆ. 'ನೇಚರ್' ಪತ್ರಿಕೆಯು 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ 6,000ಕ್ಕೂ ಹೆಚ್ಚು ಮಂದಿ ಭಾಗವಹಿಸಿದ್ದು, ಅವರಲ್ಲಿ ಶೇ. 36ರಷ್ಟು ಜನ ಪಿಎಚ್.ಡಿ. ಸಂಬಂಧಿತ ಆತಂಕ ಅಥವಾ ಖಿನ್ನತೆಗೆ ನೆರವು ಕೋರಿದ್ದಾಗಿ ತಿಳಿಸಿದ್ದರು. ಬೆಲ್ಜಿಯಂನ ಫ್ಲಾಂಡರ್ಸ್ ಪ್ರದೇಶದ 3,659 ವಿದ್ಯಾರ್ಥಿಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವು ಮೂವರಲ್ಲಿ ಒಬ್ಬರು ಮನೋವ್ಯಾಧಿಗೆ, ವಿಶೇಷವಾಗಿ ಖಿನ್ನತೆಗೆ, ಒಳಗಾಗುವ ಅಪಾಯದಲ್ಲಿದ್ದಾರೆಂದು ಕಂಡುಕೊಂಡಿತು. ಕುಟುಂಬದಿಂದ ದೂರವಿರುವ ವಿದೇಶಿ ವಿದ್ಯಾರ್ಥಿಗಳಲ್ಲಿ ಒಂಟಿತನವು ಇದರೊಡನೆ ಸೇರುತ್ತದೆ.

ಈ ವಿಷಯದಲ್ಲಿ ದಕ್ಷಿಣ ಬೆಂಗಳೂರಿಗೆ ವಿಶೇಷ ಅನುಕೂಲವಿದೆ. ನಿಮ್ಹಾನ್ಸ್ ಆಸ್ಪತ್ರೆಯಲ್ಲದೆ, ಅದರ ಸ್ವಾಸ್ಥ್ಯ ಕೇಂದ್ರವು ಬಿಟಿಎಂ ಬಡಾವಣೆಯ 1ನೇ ಹಂತದಲ್ಲಿದ್ದು, ಆಸ್ಪತ್ರೆಗೆ ಹೋಗಲು ಸಂಕೋಚಪಡುವವರು ಅಲ್ಲಿ ಆಪ್ತಸಮಾಲೋಚನೆ ಪಡೆಯಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯು 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಲಭ್ಯವಿದ್ದು, ನಿಮ್ಹಾನ್ಸ್ ಇದರ ರಾಷ್ಟ್ರೀಯ ಕೇಂದ್ರವಾಗಿದೆ.

ಉತ್ತಮ ಸಂಶೋಧನಾ ಪರಿಸರದ ಅಂಶಗಳು

ಮೇಲಿನ ವಿವರಗಳಿಂದ ವಿದೇಶಿ ಸಂಶೋಧನಾರ್ಥಿಗಳ ಬೆಂಬಲಕ್ಕೆ ಅಗತ್ಯವಾದ ಅಂಶಗಳನ್ನು ಹೀಗೆ ಸಂಗ್ರಹಿಸಬಹುದು:

- ನೋಂದಣಿ, ವೀಸಾ ವಿಸ್ತರಣೆ ಮತ್ತು ವಸತಿ ದಾಖಲೆಗಳಿಗೆ ಹೊಣೆಯಾದ ಒಂದೇ ಕಚೇರಿ
- ವೀಸಾ ಮುಗಿಯುವ ದಿನಾಂಕವನ್ನು ಗಮನದಲ್ಲಿಟ್ಟು ನಿಗದಿಪಡಿಸಿದ ಸಲಹಾ ಸಮಿತಿ ಸಭೆಗಳು
- ಆರಂಭದಿಂದಲೇ ಸಹ ಮಾರ್ಗದರ್ಶಕರ ನೇಮಕ
- ವಿಷಯ ಆಯ್ಕೆಯ ಹಂತದಲ್ಲಿಯೇ ಸಂಶೋಧನಾ ಅನುಮತಿಗಳ ಪರಿಶೀಲನೆ
- ಶೈಕ್ಷಣಿಕ ಬರವಣಿಗೆ ಮತ್ತು ಆಡುಗನ್ನಡದಲ್ಲಿ ತರಬೇತಿ
- ಸ್ವದೇಶದಲ್ಲಿ ಬಿಕ್ಕಟ್ಟು ಉಂಟಾದಾಗ ಬಳಸಬಹುದಾದ ತುರ್ತು ನಿಧಿ
- ಸ್ಥಳೀಯ ಸಹಪಾಠಿಗಳೊಡನೆ ಒಂದೇ ಕೊಠಡಿಯಲ್ಲಿ ಕೆಲಸ ಮಾಡುವ ಅವಕಾಶ ಮತ್ತು ನಿಯಮಿತ ವಿಚಾರಗೋಷ್ಠಿಗಳು

ಇವುಗಳಲ್ಲಿ ಹೆಚ್ಚಿನವು ಸ್ಥಳೀಯ ವಿದ್ಯಾರ್ಥಿಗಳಿಗೂ ಸಮಾನವಾಗಿ ಪ್ರಯೋಜನಕಾರಿ. ಹಲವಕ್ಕೆ ಹೊಸ ಕಟ್ಟಡಗಳಾಗಲಿ ದೊಡ್ಡ ಅನುದಾನವಾಗಲಿ ಬೇಕಾಗಿಲ್ಲ. ಕಚೇರಿಯ ಕ್ರಮಬದ್ಧತೆ ಸಾಕಾಗುತ್ತದೆ.

ಇವನ್ನೂ ನೋಡಿ

- ವಿಶ್ವವಿದ್ಯಾಲಯ ಅನುದಾನ ಆಯೋಗ
- ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು
- ನಿಮ್ಹಾನ್ಸ್
- ಭಾರತೀಯ ಖಭೌತ ಸಂಸ್ಥೆ
- ಜಯನಗರ, ಬೆಂಗಳೂರು
- ರಾಷ್ಟ್ರೀಯ ಶಿಕ್ಷಣ ನೀತಿ 2020